ಸಾಹೇಬರು ರಜೆಗೆ, ಹಾವು ನಮ್ಮ ಮನೆಗೆ

ಹೆದರುವುದರಲ್ಲಿ ನನಗೆ ಒಳ್ಳೆಯ ಅನುಭವ ಇದೆ. ಲಿಫ್ಟು ಎರಡು ಮಾಳಿಗೆಗಳ ನಡುವೆ ಒಂದು ಕ್ಷಣ ತಡೆದರೆ, ಆಫೀಸಿನಲ್ಲಿ ಯಾರಾದರೂ ‘ಸ್ವಲ್ಪ ಒಳಗೆ ಬನ್ನಿ’ ಎಂದರೆ, ಊರಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ, ನಾನು ಮೊದಲು ಹತ್ತಿರದ ಬಾಗಿಲು ಎಲ್ಲಿದೆ ಎಂದು ನೋಡುತ್ತೇನೆ. ಧೈರ್ಯವಂತರು ತಮ್ಮ ಧೈರ್ಯದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಹೆದರುವವರು ಬಾಯಿ ಬಿಡುವುದಿಲ್ಲ. ಹಾಗಾಗಿ ಲೋಕದಲ್ಲಿ ಧೈರ್ಯವಂತರೇ ಹೆಚ್ಚು ಎಂಬ ತಪ್ಪು ಅಭಿಪ್ರಾಯ ಹರಡಿದೆ. ಅದನ್ನು ಸ್ವಲ್ಪವಾದರೂ ಸರಿಪಡಿಸಲು, ಎಂಬತ್ತರ ದಶಕದ ಕೊನೆಯ ಒಂದು ಬೇಸಗೆಯಲ್ಲಿ ಮಸ್ಕತ್ತಿನ ರೂವಿಯಲ್ಲಿದ್ದ ನಮ್ಮ ಬಾಡಿಗೆ ಫ್ಲ್ಯಾಟಿನೊಳಗೆ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ನಾನು ಏರ್ ಕಂಡೀಷನರ್ ಮಾರುವ ಕಂಪನಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ನಮ್ಮ ಮ್ಯಾನೇಜರು ಹಾರ್ಟ್ಲಿ ಎಂಬ ಇಂಗ್ಲಿಷ್ ಸಾಹೇಬರು. ಒಂಟಿ ಮನುಷ್ಯ, ಒಳ್ಳೆಯವರು. ಬೇಸಗೆಯಲ್ಲಿ ರಜೆಗೆ ಹೋಗುವವರು ತಮ್ಮದೆಲ್ಲವನ್ನೂ ಪರಿಚಯದವರಿಗೆ ಹಂಚಿ ಹೋಗುವುದು ಅಲ್ಲಿಯ ರೂಢಿ. ಕಾರಿನ ಕೀ ಒಬ್ಬರಿಗೆ, ಮನೆಯ ಕೀ ಇನ್ನೊಬ್ಬರಿಗೆ, ಹೂವಿನ ಕುಂಡಗಳು ಕೆಳಗಿನ ಮನೆಗೆ, ಬಣ್ಣದ ಮೀನುಗಳು ಮೇಲಿನ ಮನೆಗೆ. ನಾವೂ ಹಾಗೆ ಒಮ್ಮೆ ಯಾರದೋ ತುಳಸಿಗೆ ನೀರು ಹಾಕಿ, ಹೆಚ್ಚಾಗಿ ಹಾಕಿ, ಕೊಳೆಸಿದ್ದೆವು. ಆದರೆ ಹಾರ್ಟ್ಲಿ ಸಾಹೇಬರಿಗೆ ಹಂಚಲು ಇದ್ದದ್ದು ಒಂದೇ. ವಿಮಾನ ಹತ್ತುವ ದಿನ ಅವರು ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಹಾಕಿ ಆಫೀಸಿಗೇ ತಂದರು. ಅದು ಹಾವು.

ಆಫ್ರಿಕಾದ ಕಡೆಯ ಒಂದು ಸಣ್ಣ ಜಾತಿಯ ಹೆಬ್ಬಾವಂತೆ. ವಿಷವಿಲ್ಲವಂತೆ. ಹೆಸರು ಡೋರಾ. ಕಂದು ಮೈ, ಅದರ ಮೇಲೆ ಕಪ್ಪು ಮಚ್ಚೆ, ದಪ್ಪ ನನ್ನ ಮುಂಗೈಯಷ್ಟು. ಅಲ್ಲಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ನಾನು ಮಾತ್ರ ಸರಿಯಲಿಲ್ಲ. ಧೈರ್ಯದಿಂದಲ್ಲ, ಕಾಲು ಕೇಳಲಿಲ್ಲ. ಕೈಗಳು ಮಾತ್ರ ಅಭ್ಯಾಸಬಲದಿಂದ ತಾವಾಗಿಯೇ ಮೇಲೆ ಬಂದು ಜೋಡಿಕೊಂಡವು. ನಾನು ಉಡುಪಿಯ ಕಡೆಯವನು. ಹುಟ್ಟಿದಂದಿನಿಂದ ನಾಗಬನಕ್ಕೆ ಕೈ ಮುಗಿದು ಬೆಳೆದವನು. ಹಾವು ಕಂಡಾಗ ನಮ್ಮಲ್ಲಿ ಹೆದರಿಕೆ ಮೊದಲು ಹೊರಡುತ್ತದೋ ಭಕ್ತಿ ಮೊದಲು ಹೊರಡುತ್ತದೋ ಹೇಳುವುದು ಕಷ್ಟ. ಸಾಹೇಬರು ಕಂಡದ್ದು ಭಕ್ತಿಯನ್ನು ಮಾತ್ರ. ಅವರ ಕಣ್ಣು ತುಂಬಿ ಬಂತು. “ಶೇಖರ್, ನನಗೆ ಗೊತ್ತಿತ್ತು, ನಿಮ್ಮಂಥವರು ಒಬ್ಬರು ಇದ್ದೇ ಇರುತ್ತಾರೆ ಎಂದು,” ಎಂದು ನನ್ನ ಬೆನ್ನು ತಟ್ಟಿದರು. ನನ್ನ ಹೆಂಡತಿಯ ವೀಸಾದ ಕಾಗದಕ್ಕೆ ಸಹಿ ಹಾಕಿದ ಕೈ ಅದು. ನಾನು ತಲೆ ಆಡಿಸಿದೆ. “ಡೋರಾಳ ಊಟ ಆಗಿದೆ, ನಾನು ಬರುವವರೆಗೆ ಏನೂ ಬೇಡ. ನೀರು ಬದಲಾಯಿಸಿ. ಎಸಿ ಮಾತ್ರ ಹಾಕಬೇಡಿ, ಅವಳಿಗೆ ಚಳಿಯಾಗುತ್ತದೆ,” ಎಂದು ಹೇಳಿ ಅವರು ಏರ್‌ಪೋರ್ಟಿಗೆ ಹೊರಟೇ ಹೋದರು.

ನನ್ನ ಹೆಂಡತಿ ವನಜ ಆಗ ಬಸುರಿ. ಮದುವೆಯಾಗಿ ಬಹಳ ವರ್ಷಗಳ ಮೇಲೆ, ಡಾಕ್ಟರುಗಳೆಲ್ಲ ಮುಗಿದು, ಊರಿನಲ್ಲಿ ಅವಳ ತಾಯಿ ನಾಗನಿಗೆ ಹರಕೆ ಹೊತ್ತ ಮೇಲೆ ನಿಂತ ಗರ್ಭ ಅದು. ಪೆಟ್ಟಿಗೆಯನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತ ನನ್ನನ್ನು ಅವಳು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು, ಒಳಗೆ ಹೋಗಿ ಒಲೆಯ ಮೇಲಿದ್ದ ಬಂಗುಡೆ ಮೀನಿನ ಸಾರನ್ನು ಪಾತ್ರೆ ಸಮೇತ ಪಕ್ಕದ ಮನೆಗೆ ಕೊಟ್ಟು ಬಂದಳು.

“ಇದು ನಾಗ ಅಲ್ಲ ಮಾರಾಯ್ತಿ, ಹೆಬ್ಬಾವು,” ಎಂದೆ. “ಹೆಡೆ ಎಲ್ಲಿ ಉಂಟು ನೋಡು.”

“ಪರದೇಶದಲ್ಲಿ ಹೆಡೆ ಬಿಚ್ಚುವುದು ಬೇಡ ಅಂತ ಮಡಚಿ ಇಟ್ಟಿರಬಹುದು,” ಎಂದಳು. “ನೀವು ಆಫೀಸಿನಲ್ಲಿ ನಿಮ್ಮದನ್ನು ಮಡಚಿ ಇಡುವುದಿಲ್ವಾ?”

ಅಂದಿನಿಂದ ನಮ್ಮ ಮನೆಯಲ್ಲಿ ಮೀನು ನಿಂತಿತು, ಮೊಟ್ಟೆ ನಿಂತಿತು, ಹಾಲ್‌ನ ಎಸಿ ನಿಂತಿತು. ಸಾಹೇಬರ ಮನೆಯಲ್ಲಿ ಇಲಿ ತಿಂದು ಬಂದ ದೇವರು ಗಾಜಿನೊಳಗೆ ತೃಪ್ತಿಯಿಂದ ಸುರುಳಿ ಸುತ್ತಿಕೊಂಡಿತ್ತು. ನಾವು ಹೊರಗೆ ಬೆವರು ಸುರಿಸುತ್ತ ತೊಂಡೆಕಾಯಿ ತಿಂದೆವು. ಏರ್ ಕಂಡೀಷನರ್ ಕಂಪನಿಯ ನೌಕರನೊಬ್ಬ ಒಮಾನಿನ ಜುಲೈಯಲ್ಲಿ ಬೀಸಣಿಗೆಯಿಂದ ಗಾಳಿ ಹಾಕಿಕೊಂಡದ್ದನ್ನು ಕಂಪನಿಯ ಮಾಲೀಕರು ನೋಡಿದ್ದರೆ ಬೇಸರಪಡುತ್ತಿದ್ದರು. ವನಜ ಬೆಳಿಗ್ಗೆ ಸ್ನಾನ ಮಾಡಿ ನೀರಿನ ಬಟ್ಟಲು ಬದಲಾಯಿಸುತ್ತಿದ್ದಳು. ನಾನು ಕೋಣೆಯ ಬಾಗಿಲಿನ ಸಂದಿಯಿಂದ ಮೇಲ್ವಿಚಾರಣೆ ಮಾಡುತ್ತಿದ್ದೆ.

ಬೇರೆಯವರಿಗೆ ದಾಟಿಸಲು ಪ್ರಯತ್ನಿಸಲಿಲ್ಲ ಎಂದಲ್ಲ. ಕೆಳಗಿನ ಮಾಳಿಗೆಯಲ್ಲಿ ಲಾರೆನ್ಸ್ ಇದ್ದ. ಮಂಗಳೂರಿನವ, ನಮ್ಮ ಆಫೀಸಿನಲ್ಲೇ ಸ್ಟೋರ್ಸ್ ನೋಡಿಕೊಳ್ಳುವವ. ಸ್ವಲ್ಪ ದಿನ ಇಟ್ಟುಕೊಳ್ಳುತ್ತೀಯಾ ಎಂದು ಕೇಳಿದೆ.

“ಶೇಖರಣ್ಣ, ನಿಮ್ಮಲ್ಲಿ ಅದಕ್ಕೆ ದೇವರ ಮರ್ಯಾದೆ ಉಂಟು. ನಮ್ಮಲ್ಲಿ ಅದರ ಹೆಸರು ಲೋಕ ಶುರುವಾದಾಗಲೇ ಹಾಳಾಗಿದೆ. ಗಂಡ ಹೆಂಡತಿ ಇಬ್ಬರನ್ನೂ ತೋಟದಿಂದ ಹೊರಗೆ ಹಾಕಿಸಿದ ಹಾವು ಮಾರಾಯ್ರೆ ಅದು! ನನ್ನದು ತೋಟವೂ ಅಲ್ಲ, ಕಂಪನಿ ಕೊಟ್ಟ ಒಂದು ರೂಮು.”

ಹೀಗೆ ದಿನ ಕಳೆಯುತ್ತಿರುವಾಗ ಹಾವಿನ ಬಣ್ಣ ಕೆಟ್ಟಿತು. ಮೈ ಮಂಕಾಯಿತು. ಕಣ್ಣುಗಳ ಮೇಲೆ ಹಾಲು ಬಿದ್ದ ಹಾಗೆ ಬಿಳಿ ಬಂತು. ಪೆಟ್ಟಿಗೆಯ ಮೂಲೆಯಲ್ಲಿದ್ದ ಒಡಕು ಕುಂಡದ ಕೆಳಗೆ ಸೇರಿ ಅದು ಅಲುಗಾಡುವುದನ್ನೇ ಬಿಟ್ಟಿತು. ಬಡಿಸುವಾಗ ವನಜಳ ಒಂದು ಕೈ ಹೊಟ್ಟೆಯ ಮೇಲೆಯೇ ಇರುತ್ತಿತ್ತು. ಹಾವು ನಮ್ಮ ಮನೆಯಲ್ಲಿ ಸತ್ತರೆ ಏನಾಗುತ್ತದೆ ಎಂದು ನಾವಿಬ್ಬರೂ ಯೋಚಿಸುತ್ತಿದ್ದೆವು, ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಇಂಥದ್ದರಲ್ಲೆಲ್ಲ ನನಗೆ ನಂಬಿಕೆ ಇಲ್ಲ. ಹೆದರಿಕೆ ಇದೆ. ಒಂದಕ್ಕೆ ಇನ್ನೊಂದರ ಸಹಾಯ ಬೇಕಾಗುವುದಿಲ್ಲ ಎಂಬುದು ಆಗ ತಿಳಿಯಿತು.

ಒಂದು ಶುಕ್ರವಾರ, ರಜೆಯ ದಿನ, ವನಜ ಸ್ನಾನಕ್ಕೆ ಹೋಗಿದ್ದಾಗ ನಾನು ಪೆಟ್ಟಿಗೆಯ ಹತ್ತಿರ ಹೋದೆ. ಗಾಜಿನ ಉದ್ದಕ್ಕೂ ಅದು ಚಾಚಿಕೊಂಡು ಬಿದ್ದಿತ್ತು. ಬಿಳಿಚಿ, ಒಣಗಿ, ಚಪ್ಪಟೆಯಾಗಿ. ಗಾಜನ್ನು ಬೆರಳಿನಿಂದ ತಟ್ಟಿದೆ. ಅಲುಗಲಿಲ್ಲ. ಶಬ್ದ ಮಾಡದೆ ಕೆಳಗೆ ಹೋಗಿ ಲಾರೆನ್ಸನನ್ನು ಎಬ್ಬಿಸಿ ಕರೆತಂದೆ. ಅವನು ಬರುವಾಗ ಒಂದು ಸಣ್ಣ ಶೀಶೆಯಲ್ಲಿ ಇಗರ್ಜಿಯ ಪವಿತ್ರ ನೀರು ತಂದಿದ್ದ. ಪೆಟ್ಟಿಗೆಯ ಮುಚ್ಚಳ ತೆಗೆದು ದೂರದಿಂದಲೇ ನಾಲ್ಕು ಹನಿ ಚಿಮುಕಿಸಿ ಕಣ್ಣು ಮುಚ್ಚಿದ. ನಾನೂ ಮುಚ್ಚಿದೆ. ಆಮೇಲೆ ವನಜಳಿಗೆ ಕೇಳಿಸಬಾರದೆಂದು ಇಬ್ಬರೂ ಬಾಲ್ಕನಿಗೆ ಹೋದೆವು.

“ಸುಡಬೇಕು,” ಎಂದೆ. “ಹಾಗೇ ಬಿಸಾಡಬಾರದು. ಮನುಷ್ಯರಿಗೆ ಮಾಡಿದ ಹಾಗೆ ಮಾಡಬೇಕು. ಭಟ್ಟರು ಬೇಕು.”

“ರೂವಿಯಲ್ಲಿ ಹಾವು ಸುಡುವ ಭಟ್ಟರನ್ನು ಎಲ್ಲಿಂದ ತರುವುದು? ಸುಡುವಾಗ ಯಾರಾದ್ರೂ ಏನದು ಅಂತ ಕೇಳಿದ್ರೆ ಎಂಥ ಹೇಳುವುದು? ಖಲಾಸ್ ಶೇಖರಣ್ಣ, ವೀಸಾ ಹೋಗಿ ಇಬ್ಬರೂ ಒಟ್ಟಿಗೇ ಊರಿಗೆ ಹೋಗುವುದು.” ಸ್ನಾನದ ಮನೆಯ ಕಡೆ ನೋಡಿ ಮೆಲ್ಲಗೆ, “ವನಜಕ್ಕನಿಗೆ ಹೇಗೆ ಹೇಳ್ತೀರಿ?” ಎಂದ.

ಅಷ್ಟರಲ್ಲಿ ಹಾಲ್‌ನಿಂದ ವನಜಳ ಕೂಗು ಕೇಳಿಸಿತು. ಓಡಿದೆವು. ಅವಳು ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು ಪೆಟ್ಟಿಗೆಯ ಮುಂದೆ ನಿಂತಿದ್ದಳು. ನಗುತ್ತಿದ್ದಳು.

“ನೋಡಿ ಇವರೇ, ಪೊರೆ ಬಿಟ್ಟಿದೆ! ಇಡೀ ಪೊರೆ! ಎಷ್ಟು ಚಂದ ಉಂಟು!”

ನಾವು ಪ್ರಾರ್ಥನೆ ಸಲ್ಲಿಸಿದ್ದು ಬರಿಯ ಸಿಪ್ಪೆಗೆ. ಹಾವು ಆಗ ಕುಂಡದ ಕೆಳಗೆ ಇದ್ದಿರಬೇಕು. ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಲಾರೆನ್ಸ್ ಶಿಲುಬೆಯ ಗುರುತು ಮಾಡಿಕೊಂಡ. ವನಜ ಕುಂಡವನ್ನು ಎತ್ತಿ ನೋಡಿದಳು. ಅವಳ ನಗು ನಿಂತಿತು. “ಹಾವು ಎಲ್ಲಿ?” ಎಂದಳು.

ಮುಚ್ಚಳ ತೆರೆದೇ ಇತ್ತು.

ಲಾರೆನ್ಸ್ ಸೋಫಾದ ಮೇಲೆ ಹತ್ತಿದ. ನಾನು ಹತ್ತಲು ಹೋದಾಗ ಅಲ್ಲಿ ಜಾಗವಿರಲಿಲ್ಲ. ವನಜಳೇ ಹುಡುಕಿದಳು: ಫ್ರಿಜ್ಜಿನ ಹಿಂದೆ, ಗೋಡೆಗೂ ಅದಕ್ಕೂ ನಡುವಿನ ಕತ್ತಲೆಯಲ್ಲಿ, ಬಾಲದ ತುದಿ. ಅವಳು ಬಗ್ಗಲು ಹೋದಳು. “ಬೇಡ! ನೀನು ಬಗ್ಗಬಾರದು,” ಎಂದು ನಾನು ಕಿರುಚಿದೆ.

“ಹಾಗಾದ್ರೆ ನೀವು ತೆಗೆಯಿರಿ. ಫ್ರಿಜ್ಜಿನ ಹಿಂದಿನ ಬಿಸಿ ತಾಗಿ ಅದು ಸುಟ್ಟುಕೊಂಡರೆ?”

ನನ್ನ ಜೀವನದಲ್ಲಿ ಆ ಕ್ಷಣದಷ್ಟು ನಿಧಾನವಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಪ್ಲಗ್ಗು ತೆಗೆದೆ. ಮಂಡಿಯೂರಿದೆ. ಕಣ್ಣು ಮುಚ್ಚಿದೆ. ಬಲಗೈಯನ್ನು ಗೋಡೆಗೆ ಒತ್ತಿಕೊಂಡು ಒಳಗೆ ತೂರಿಸಿದೆ. ಬಾಲ ಎಡಗಡೆ ಕಂಡಿತ್ತು. ಹಾಗಾಗಿ ಧೈರ್ಯಕ್ಕೆಂದು ಬಲಗಡೆಯಿಂದ ಹೊರಟೆ. ಒಂದು ದಪ್ಪ ರಬ್ಬರ್ ಪೈಪು ಅಡ್ಡ ಸಿಕ್ಕಿತು. ಅದನ್ನು ಹಿಡಿದು ಪಕ್ಕಕ್ಕೆ ಸರಿಸಿದೆ. ಪೈಪು ತಾನೂ ಸ್ವಲ್ಪ ಸರಿದು ಸಹಕರಿಸಿತು.

ಕೈಯನ್ನು ಹೊರಗೆ ಎಳೆದುಕೊಂಡಾಗ ಅದರ ಜೊತೆಗೆ ಡೋರಾ ಪೂರ್ತಿಯಾಗಿ ಬಂದಿತು, ಮುಂಗೈಗೆ ಮೂರು ಸುತ್ತು ಹಾಕಿಕೊಂಡು. ಹೊಸ ಚರ್ಮ ಥಳಥಳ ಹೊಳೆಯುತ್ತಿತ್ತು. ವನಜ ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು. ಬಿಡಿಸುವುದು ಯಾರಿಗೂ ಗೊತ್ತಿರಲಿಲ್ಲ. “ಬಿಡಿಸ್ಲಾ ಶೇಖರಣ್ಣ?” ಎಂದು ಲಾರೆನ್ಸ್ ಸೋಫಾದಿಂದ ಇಳಿಯದೆಯೇ ಕೇಳಿದ. ನಾನು ಹೆದರಿ ಉಸಿರು ಬಿಗಿಹಿಡಿದಷ್ಟೂ ಅದು ಬಿಗಿಯಾಗುತ್ತಿತ್ತು. ಉಸಿರು ಬಿಟ್ಟರೆ ಸ್ವಲ್ಪ ಸಡಿಲವಾಗುತ್ತಿತ್ತು. ಅದೂ ನನ್ನ ಹಾಗೆಯೇ ಹೆದರಿ ಸಿಕ್ಕಿದ್ದನ್ನು ಹಿಡಿದುಕೊಂಡಿದೆ ಎಂದು ಆಗ ನನಗೆ ಹೊಳೆಯಿತು. ಆದರೂ ಸಮಾಧಾನವೇನೂ ಆಗಲಿಲ್ಲ. ವನಜ ಚಾ ಮಾಡಿ ತಂದು ತಾನೇ ಕುಡಿಸಿದಳು. ಮಸೀದಿಯಲ್ಲಿ ಮಧ್ಯಾಹ್ನದ ಬಾಂಗ್ ಆದ ಮೇಲೆ ಅದಕ್ಕೆ ತಾನಾಗಿಯೇ ಬೇಸರ ಬಂದು, ಸುತ್ತು ಬಿಚ್ಚಿ, ಪೆಟ್ಟಿಗೆಗೆ ಇಳಿಯಿತು.

ಹಾರ್ಟ್ಲಿ ಸಾಹೇಬರು ರಜೆ ಮುಗಿಸಿ ನಮ್ಮ ಮನೆಗೇ ಬಂದರು. ಡೋರಾಳನ್ನು ಎತ್ತಿ ತಿರುಗಿಸಿ ನೋಡಿ, ಇಷ್ಟು ಚೆನ್ನಾಗಿ ತಾನೂ ನೋಡಿಕೊಂಡಿರಲಿಲ್ಲ ಎಂದರು. ಮತ್ತೆ ಸಂಕೋಚದಿಂದ, ಡಿಸೆಂಬರಿನಲ್ಲಿ ಇನ್ನೊಂದು ಸಲ ಹೋಗಬೇಕಾಗಿದೆ, ನಿಮಗೆ ತೊಂದರೆಯಾಗುವುದಾದರೆ ಹೇಳಿಬಿಡಿ ಎಂದು ನನ್ನ ಮುಖ ನೋಡಿದರು. ನಾನು ಆ ಸಲ ನಿಜ ಹೇಳುವುದೆಂದು ನಿಶ್ಚಯಿಸಿಕೊಂಡಿದ್ದೆ. ಇಂಗ್ಲಿಷಿನಲ್ಲಿ ವಾಕ್ಯವನ್ನೂ ಜೋಡಿಸಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ವನಜ ತನಗೆ ಬರುವ ಇಂಗ್ಲಿಷಿನಲ್ಲಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದಳು: “ತೊಂದರೆ ಇಲ್ಲ ಸರ್. ನಾನು ಮುಂದಿನ ತಿಂಗಳು ಹೆರಿಗೆಗೆ ಊರಿಗೆ ಹೋಗುತ್ತೇನೆ. ಇವರು ಒಬ್ಬರೇ. ಇವರಿಗೆ ಒಬ್ಬರೇ ಇರಲು ಹೆದರಿಕೆ. ಇವರನ್ನು ಯಾರ ಹತ್ತಿರ ಬಿಟ್ಟು ಹೋಗುವುದು ಅಂತ ನಾನೂ ಯೋಚನೆ ಮಾಡುತ್ತಿದ್ದೆ.”

ಸಾಹೇಬರು ನಗಲಿಲ್ಲ. ನನ್ನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿ, ಅದಕ್ಕೇನು, ಡಿಸೆಂಬರ್‌ವರೆಗೆ ಕಾಯುವುದು ಬೇಡ, ಮುಂದಿನ ತಿಂಗಳಿನಿಂದಲೇ ಡೋರಾಳನ್ನು ಕಳಿಸಿಕೊಡುತ್ತೇನೆ ಎಂದರು.