ಹಿಂದಿ ಸಿನಿಮಾ ಕೆಟ್ಟುಹೋದ ಬಗೆ

ಹೆಂಡತಿಯ ಮೇಲೆ ಬೇಸರವಾದರೆ ಹೇಳಿಕೊಳ್ಳಲು ಸ್ನೇಹಿತರಿರುತ್ತಾರೆ, ಸ್ನೇಹಿತರ ಮೇಲೆ ಬೇಸರವಾದರೆ ಹೆಂಡತಿ ಇರುತ್ತಾಳೆ. ಸರ್ಕಾರದ ಮೇಲೆ ಬೇಸರವಾದರಂತೂ ಬಸ್ಸಿನಲ್ಲಿ ಪಕ್ಕದ ಸೀಟಿನವರೇ ಸಾಕು, ಬಿಡದಿ ಬರುವಷ್ಟರಲ್ಲಿ ಮನಸ್ಸು ಹಗುರಾಗಿರುತ್ತದೆ. ಆದರೆ ಹಿಂದಿ ಸಿನಿಮಾಗಳು ಕೆಟ್ಟುಹೋದುವಲ್ಲ ಎಂದು ಸಂಕಟಪಡುವ ಮನುಷ್ಯನ ಪಾಡು ಯಾರಿಗೂ ಬೇಡ. ಅದರಲ್ಲೂ ಆ ಮನುಷ್ಯ ರಾಮನಗರದಲ್ಲೇ ಹುಟ್ಟಿ ಬೆಳೆದು, ರೇಷ್ಮೆ ಸಾಕುವವರಿಗೆ ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆ, ಸುಣ್ಣ, ಔಷಧಿ ಮಾರುವ ಅಂಗಡಿ ಇಟ್ಟುಕೊಂಡು, ಹಿಂದಿಯ ಗಂಧಗಾಳಿಯೇ ಇಲ್ಲದವನಾಗಿದ್ದರೆ ಅವನ ದುಃಖವನ್ನು ಯಾರೂ ನಂಬುವುದೂ ಇಲ್ಲ. "ನಿಮಗೆ ಹಿಂದೀನೇ ಬರಾಕಿಲ್ಲ, ಅದು ಕೆಟ್ರೇನು, ಉದ್ಧಾರ ಆದ್ರೇನು?" ಎಂದು ನನ್ನ ಹೆಂಡತಿ ಗಿರಿಜ ಕೇಳುತ್ತಾಳೆ. ಅವಳು ಮಾಗಡಿಯವಳು. ಅವರ ಮನೆಯವರು ಪ್ರಶ್ನೆ ಕೇಳುವುದೇ ಹಾಗೆ, ಉತ್ತರಕ್ಕೆ ಜಾಗ ಬಿಡುವುದಿಲ್ಲ.

ಹಿಂದಿ ಬರುವುದೇ ಇಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಹೈಸ್ಕೂಲಿನಲ್ಲಿ ಓದಿ ಪಾಸೂ ಆಗಿದ್ದೇನೆ. ಈ ಲೇಖನಿ ಯಾರದು, ಆ ಮರದ ಮೇಲೆ ಏನು ಕುಳಿತಿದೆ ಎಂದು ಹಿಂದಿಯಲ್ಲಿ ಕೇಳಿ ನೋಡಿ, ಥಟ್ಟನೆ ಹೇಳುತ್ತೇನೆ. ಸಿನಿಮಾದಲ್ಲಿ ಇದುವರೆಗೆ ಒಬ್ಬನೂ ಅದನ್ನು ಕೇಳದಿದ್ದರೆ ನನ್ನದೇನು ತಪ್ಪು? ಅವರು ಬೇರೆ ಏನೇನು ಮಾತಾಡುತ್ತಾರೋ ಅದನ್ನೆಲ್ಲ ನನಗೆ ತಿಳಿಯುವಂತೆ ಮಾಡಿದವನು ಚಾಂದ್ ಪಾಷಾ. ಅವನೂ ನಾನೂ ಶಾಲೆಯಲ್ಲಿ ಒಂದೇ ಬೆಂಚಿನವರು. ಈಗ ಅವನು ರೀಲರ್, ಅಂದರೆ ಮಾರ್ಕೆಟ್ಟಿನ ಹರಾಜಿನಲ್ಲಿ ರೇಷ್ಮೆ ಗೂಡು ಕೊಂಡು, ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಸುವವನು. ಮನೆಯಲ್ಲಿ ಉರ್ದು, ಮಾರ್ಕೆಟ್ಟಿನಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ಶುಕ್ರವಾರ ಅವನ ಕೆಲಸಕ್ಕೆ ರಜೆ. ನಮಾಜು ಮುಗಿಸಿ, ಉಂಡು, ನನ್ನ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿ ಹಾರ್ನ್ ಹೊಡೆದನೆಂದರೆ ನನ್ನ ಶಟರ್ ಇಳಿಯಿತು ಎಂದೇ ಅರ್ಥ. ಶುಕ್ರವಾರ ಮಧ್ಯಾಹ್ನ ಸುಣ್ಣ ಬೇಕಾದವರು ಶನಿವಾರ ಬರಬೇಕು ಎನ್ನುವುದು ನಮ್ಮ ಸುತ್ತಿನ ಹಳ್ಳಿಗಳಿಗೆಲ್ಲ ಗೊತ್ತು.

ಹಿಂದೆ ಊರಿನ ಟಾಕೀಸಿನಲ್ಲೇ ಹಿಂದಿ ಸಿನಿಮಾ ಬರುತ್ತಿತ್ತು. ಪಾಷಾ ನನ್ನ ಕಿವಿಗೆ ಕೈ ಅಡ್ಡ ಹಿಡಿದು ಒಂದೊಂದೇ ಮಾತನ್ನು ಕನ್ನಡ ಮಾಡಿ ಹೇಳುತ್ತಿದ್ದ. ಅದು ಪುಸ್ತಕದ ಕನ್ನಡವಲ್ಲ, ನಮ್ಮದೇ ಕನ್ನಡ. ಲಂಡನ್ನಿನಿಂದ ಕೋಟು ಹಾಕಿಕೊಂಡು ವಿಮಾನದಲ್ಲಿ ಬಂದಿಳಿದ ನಾಯಕ, "ಅವ್ವಾ, ಬಂದ್ಬುಟ್ಟೆ ಕಣವ್ವ, ಒಸಿ ನೀರ್ ಕೊಡು" ಎನ್ನುತ್ತಿದ್ದ. ಹಿಮದ ಬೆಟ್ಟದ ಮೇಲೆ ತೆಳ್ಳನೆ ಸೀರೆ ಉಟ್ಟು ಕುಣಿಯುವ ನಾಯಕಿ, "ಚಳಿ ಆಯ್ತಾ ಐತೆ ಕಣ್ರೀ, ಬಿರ್‍ರನೆ ಮನೆ ಸೇರಣ" ಎನ್ನುತ್ತಿದ್ದಳು. ಅವಳ ಮಾತು ಎಷ್ಟು ನಿಜ ಎಂದು ನನಗೆ ಅನ್ನಿಸುತ್ತಿತ್ತು. ಕೈ ಅಡ್ಡ ಹಿಡಿದರೂ ಪಾಷಾನ ಗಂಟಲು ಹರಾಜಿನಲ್ಲಿ ಪಳಗಿದ್ದು, ಸುತ್ತಲಿನ ನಾಲ್ಕಾರು ಸಾಲಿಗೆ ಕೇಳುತ್ತಿತ್ತು. ಯಾರೂ ಆಕ್ಷೇಪಿಸುತ್ತಿರಲಿಲ್ಲ. ಬದಲಿಗೆ ಹಿಂದಿನ ಸಾಲಿನ ಯಜಮಾನರೊಬ್ಬರು, "ಸಾಬ್ರೇ, ಒಸಿ ಜೋರಾಗ್ ಯೋಳಿ, ಫ್ಯಾನ್ ಸದ್ದಿಗೆ ಕೇಳ್ತಿಲ್ಲ" ಎಂದು ಬೆನ್ನು ತಟ್ಟುತ್ತಿದ್ದರು. ಆ ಸಿನಿಮಾಗಳನ್ನು ನೋಡಿ ನಾನು ಅತ್ತಿದ್ದೇನೆ, ಎದ್ದು ನಿಂತು ಖಳನಾಯಕನನ್ನು ಬೈದಿದ್ದೇನೆ, ಮನೆಗೆ ಬಂದು ಗಿರಿಜಳಿಗೆ ಇಡೀ ಕಥೆಯನ್ನು ಹಾಡು ಬರುವ ಜಾಗಗಳ ಸಮೇತ ಒಪ್ಪಿಸಿದ್ದೇನೆ.

ಆ ಕಾಲದ ಹಿಂದಿ ಸಿನಿಮಾದವರ ಬಗ್ಗೆ ನನಗೆ ಬಹಳ ಗೌರವವಿದ್ದದ್ದು ಇನ್ನೊಂದು ಕಾರಣಕ್ಕೆ. ಅವರಿಗೆ ರೇಷ್ಮೆಯ ಕಷ್ಟಸುಖ ಗೊತ್ತಿತ್ತು. ನಾಯಕನ ತಂದೆ ಸಾಯುತ್ತಿದ್ದದ್ದು ಗೂಡಿನ ಬೆಲೆ ಬಿದ್ದ ಆಘಾತಕ್ಕೆ. ಮೀಸೆಯ ಖಳನಾಯಕ ತೂಕದಲ್ಲಿ ಮೋಸ ಮಾಡಿ ಬಂಗಲೆ ಕಟ್ಟಿಸಿರುತ್ತಿದ್ದ. ಬೊಂಬಾಯಿಯವರಿಗೆ ಇದೆಲ್ಲ ಹೇಗೆ ಗೊತ್ತು ಎಂದು ಒಮ್ಮೆ ಪಾಷಾನನ್ನು ಕೇಳಿದ್ದೆ. "ನಮ್ ಬೆಟ್ಟದಾಗೇ ತಿಂಗಳುಗಟ್ಲೆ ಶೂಟಿಂಗ್ ಮಾಡ್ಕೊಂಡ್ ಹೋಗಿಲ್ವೇನ್ಲಾ, ಆಗ್ ಕಲ್ತವ್ರೆ" ಎಂದಿದ್ದ. ಇದಕ್ಕಿಂತ ಸರಿಯಾದ ಕಾರಣ ಬೇಕೆ? ನಮ್ಮ ಬಂಡೆಗಳ ಮೇಲೆ ಅವರು ಕುದುರೆ ಓಡಿಸಿದ್ದನ್ನು ನೋಡಿದ ಹಿರಿಯರು ಇಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ನನ್ನ ಸೋದರಮಾವನಂತೂ ಆ ಕುದುರೆಗಳಿಗೆ ಹುರುಳಿ ಬೇಯಿಸಿ ಕೊಟ್ಟವನು ತಾನೇ ಎನ್ನುತ್ತಿದ್ದ. ಅಷ್ಟು ದಿನ ಇದ್ದವರು ನಾಲ್ಕು ಮಾತು ಕಲಿತಿರದೆ ಇರುತ್ತಾರೆಯೇ ಎಂದು ನಾನೂ ನಂಬಿದೆ.

ಈಗಿನ ಸಿನಿಮಾಗಳಲ್ಲಿ ಅದು ಯಾವುದೂ ಇಲ್ಲ. ಟಾಕೀಸು ಮುಚ್ಚಿ ಕಲ್ಯಾಣಮಂಟಪವಾಗಿದೆ, ನಾವು ಮೈಸೂರು ರಸ್ತೆಯಲ್ಲಿ ಬೆಂಗಳೂರಿನ ಕಡೆಗೆ ಹೋಗಿ ಮಾಲಿನೊಳಗೆ ನೋಡಬೇಕು. ಕುರ್ಚಿ ಮೆತ್ತಗಿದೆ, ಕೂತರೆ ತಾನಾಗಿ ಹಿಂದಕ್ಕೆ ಬಾಗುತ್ತದೆ, ಬಹುಶಃ ಪರದೆಯ ಮೇಲಿನದನ್ನು ಎದುರಿಗೆ ಕೂತು ನೋಡಬಾರದೆಂದೇ ಹಾಗೆ ಮಾಡಿರಬೇಕು. ಸಿನಿಮಾ ಶುರುವಾದರೆ ಕತ್ತಲೆ. ಹಗಲಿನಲ್ಲೂ ಕತ್ತಲೆ. ಆ ಕತ್ತಲೆಯಲ್ಲಿ ಗಡ್ಡದವನೊಬ್ಬ ನಿಧಾನವಾಗಿ ನಡೆದು ಬರುತ್ತಾನೆ. ಎಷ್ಟು ನಿಧಾನ ಎಂದರೆ ನಾನು ಹೊರಗೆ ಹೋಗಿ ಬಂದರೂ ಅವನಿನ್ನೂ ಬರುತ್ತಲೇ ಇರುತ್ತಾನೆ. ಬಂದವನು ಕೈಗೆ ಸಿಕ್ಕಿದವರನ್ನೆಲ್ಲ ಕೊಚ್ಚಿ ಹಾಕುತ್ತಾನೆ. ಯಾರಿಗೂ ತಾಯಿಯಿಲ್ಲ, ಇದ್ದರೂ ಊಟ ಮಾಡಿದೆಯಾ ಎಂದು ಕೇಳುವುದಿಲ್ಲ. ಮೂರು ಗಂಟೆ ರಕ್ತದಲ್ಲಿ ಮಿಂದ ಮೇಲೆ, ಉಳಿದದ್ದು ಎರಡನೇ ಭಾಗದಲ್ಲಿ ಎಂದು ಕಳಿಸಿಬಿಡುತ್ತಾರೆ.

ಎಲ್ಲಕ್ಕಿಂತ ಹೆಚ್ಚಿನ ದುಃಖವೆಂದರೆ ಪಾಷಾನಿಗೇ ಹೇಳಲು ಏನೂ ಇರುತ್ತಿರಲಿಲ್ಲ. ಗಡ್ಡದವನು ತುಟಿ ಅಲ್ಲಾಡಿಸಿದ ಕೂಡಲೇ ನಾನು ಕೇಳುತ್ತಿದ್ದೆ.

"ಏನಂತೆ?"

"ಏನಿಲ್ಲ. ಬೈತಾವ್ನೆ."

"ಈಗ?"

"ಇನ್ನೂ ಬೈತಾವ್ನೆ."

"ಆ ಹುಡುಗಿ ಏನಂತಾಳೆ?"

"ಅವ್ಳೂ ಬೈತಾವ್ಳೆ. ಸುಮ್ಕೆ ನೋಡ್ಲಾ."

ಹೋದ ವರ್ಷದ ಕೊನೆಯಲ್ಲಿ ಇಂಥದೇ ಒಂದು ಸಿನಿಮಾ ಮುಗಿಸಿ ಬರುವಾಗ ಪಾಷಾ ತಲೆಗೆ ಹೆಲ್ಮೆಟ್ ಹಾಕಿಕೊಳ್ಳುತ್ತಾ, "ಸಿದ್ದ, ನಾನಿನ್ ಬರಾಕಿಲ್ಲ ಕಣ್ಲಾ. ನಂಗೂ ಬೇಜಾರು, ನಿಂಗೂ ಬೇಜಾರು. ಶುಕ್ರವಾರ ಮನೇಲಿ ಮಲಗ್ತೀನಿ" ಎಂದ. ಮುಂದಿನ ಶುಕ್ರವಾರ ಹಾರ್ನ್ ಕೇಳಿಸಲಿಲ್ಲ. ಅದರ ಮುಂದಿನ ಶುಕ್ರವಾರವೂ ಇಲ್ಲ. ಅಂಗಡಿ ತೆರೆದೇ ಕೂತೆ. ಗಿರಾಕಿಗಳು ನನ್ನನ್ನು ನೋಡಿ, "ಯಾಕಣ್ಣ, ಹುಷಾರಿಲ್ವಾ?" ಎಂದು ಕೇಳಿದರು. ನಿಜವಾಗಿ ಹುಷಾರಿರಲಿಲ್ಲ. ವಾರವೆಲ್ಲ ಸುಣ್ಣದ ಧೂಳು ಕುಡಿಯುವ ನನ್ನಂಥವನಿಗೆ ಇರುವುದು ಅದೊಂದು ಮಧ್ಯಾಹ್ನ, ಇರುವುದು ಅವನೊಬ್ಬ ಗೆಳೆಯ. ಸಿನಿಮಾ ಇಲ್ಲದೆ ನಾವಿಬ್ಬರೂ ಎದುರುಬದುರು ಕೂತರೆ ಗೂಡಿನ ರೇಟು ಬಿಟ್ಟು ಬೇರೆ ಮಾತೇ ಬರುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಒಂದು ಒಳ್ಳೆಯ ಹಿಂದಿ ಸಿನಿಮಾ ಸಿಕ್ಕರೆ ಅವನು ಮತ್ತೆ ಬರುತ್ತಾನೆ, ಸಿಗದಿದ್ದರೆ ಇಲ್ಲ.

ಕಾಲೇಜಿಗೆ ಹೋಗುವ ಮಗಳನ್ನು ಕೇಳಿದೆ. ಅವಳು ಮೊಬೈಲಿನಲ್ಲಿ ಹುಡುಕಿ, "ಅಪ್ಪಾ, ಇದಕ್ಕೆ ತುಂಬಾ ಸ್ಟಾರ್ ಕೊಟ್ಟವ್ರೆ" ಎಂದು ಒಂದನ್ನು ಆರಿಸಿ ಟಿಕೆಟ್ಟನ್ನೂ ತೆಗೆದುಕೊಟ್ಟಳು. ಪಾಷಾ ಮಾತ್ರ ಜಗ್ಗಲಿಲ್ಲ. ಆಗ ನನಗೆ ಮಾರ್ಕೆಟ್ಟಿನ ನಿಯಮ ನೆನಪಾಯಿತು. ಹರಾಜಿನಲ್ಲಿ ಬಂದ ಬೆಲೆ ರೈತನಿಗೆ ಒಪ್ಪಿಗೆಯಾಗದಿದ್ದರೆ ಅವನು ಬೇಡ ಎನ್ನಬಹುದು, ಆಮೇಲೆ ಇನ್ನೊಂದು ಸುತ್ತು ಕೂಗುತ್ತಾರೆ. "ನೋಡ್ಲಾ, ನೀನು ಬೇಡ ಅಂದಿದ್ದು ಮೊದಲನೇ ಸುತ್ತು. ಎರಡನೇ ಸುತ್ತು ನಡೀದೆ ಯಾವ ಗೂಡನ್ನೂ ವಾಪಸ್ ಹೊತ್ಕೊಂಡೋಗಂಗಿಲ್ಲ" ಎಂದೆ. ರೀಲರ್ ಆದವನು ಮಾರ್ಕೆಟ್ಟಿನ ನಿಯಮ ಮೀರುವಂತಿಲ್ಲ. "ಆಯ್ತು ನಡಿ, ಇದೇ ಕೊನೆ" ಎಂದ.

ಸಿನಿಮಾ ಶುರುವಾಯಿತು. ಕತ್ತಲೆ. ಗಡ್ಡ. ನಿಧಾನ. ಪಾಷಾನ ಕಡೆ ನೋಡುವುದಕ್ಕೂ ಧೈರ್ಯ ಬರದೆ ಮುಖ ಸಣ್ಣದು ಮಾಡಿಕೊಂಡು ಕೂತೆ. ಪರದೆಯ ಮೇಲೆ ವಯಸ್ಸಾದ ಹೆಂಗಸೊಬ್ಬಳು ಬಿಳಿ ಪುಡಿಯ ಪೊಟ್ಟಣಗಳನ್ನು ಮೇಜಿನ ಮೇಲೆ ಜೋಡಿಸುತ್ತಿದ್ದಳು. ಅಭ್ಯಾಸಬಲದಿಂದ, "ಏನದು?" ಎಂದೆ. ಪಾಷಾ ತಿರುಗಿ ನನ್ನ ಮುಖವನ್ನೊಮ್ಮೆ ನೋಡಿದ. ಆಮೇಲೆ ನನ್ನ ಕಿವಿಗೆ ಕೈ ಅಡ್ಡ ಹಿಡಿದು, "ಸುಣ್ಣ ಕಣ್ಲಾ. ಊರಾಗೆ ಹುಳಕ್ಕೆ ರೋಗ ಬಂದೈತೆ. ಈ ಅವ್ವ ಬಡವರಿಗೆಲ್ಲ ಪುಕ್ಸಟ್ಟೆ ಸುಣ್ಣ ಹಂಚ್ತಾವ್ಳೆ" ಎಂದ. ನನಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ಮಾರಿದ್ದೇನೆ, ನನ್ನ ಸುಣ್ಣ ಸಿನಿಮಾಕ್ಕೆ ಬಂದದ್ದು ಇದೇ ಮೊದಲು. ಗಡ್ಡದವನು ಪೊಟ್ಟಣಕ್ಕೆ ಚಾಕು ಚುಚ್ಚಿ, ಪುಡಿಯನ್ನು ನಾಲಿಗೆಗೆ ಹಚ್ಚಿ ನೋಡಿದ. "ಕಲಬೆರಕೆ ಐತಾ ಅಂತ ನೋಡ್ತಾವ್ನೆ" ಎಂದ ಪಾಷಾ. ನಮ್ಮ ರೈತರು ಸುಣ್ಣವನ್ನು ಬೆರಳಲ್ಲಿ ಉಜ್ಜಿ ನೋಡುತ್ತಾರೆ, ನಾಲಿಗೆಗೆ ಹಚ್ಚುವುದಿಲ್ಲ, ಬೊಂಬಾಯಿಯವರು ಎಷ್ಟು ಜಾಗರೂಕರು ಎಂದುಕೊಂಡೆ. ಆಮೇಲೆ ಬಂದೂಕಿನವರು ನುಗ್ಗಿದರು, ಅವರು ಸುಣ್ಣದ ದಾಸ್ತಾನು ಮಾಡಿ ಬೆಲೆ ಏರಿಸುವವರಂತೆ. ಒಬ್ಬ ಹುಡುಗಿ ಬಂದು ಆ ತಾಯಿಯ ಕೆನ್ನೆಗೆ ಹೊಡೆದಳು. "ಹೆತ್ತ ಮಗಳು ಕಣ್ಲಾ. ಗುರ್ತು ಸಿಕ್ಕಿಲ್ಲ" ಎಂದ ಪಾಷಾ. ನಾನು ಟವೆಲ್ಲಿನಿಂದ ಕಣ್ಣೊರೆಸಿಕೊಂಡೆ. ಹಿಂದಿ ಸಿನಿಮಾ ಸತ್ತಿಲ್ಲ ಎನ್ನಿಸಿತು.

ಇಂಟರ್ವಲ್ಲಿನಲ್ಲಿ ದೀಪ ಹತ್ತಿದಾಗ ಮುಂದಿನ ಸಾಲಿನಲ್ಲಿದ್ದ ಹುಡುಗಿ ಹಿಂದಕ್ಕೆ ತಿರುಗಿದಳು. ಗಲಾಟೆ ಮಾಡಬೇಡಿ ಎನ್ನುತ್ತಾಳೆಂದು ನಾನು ಕ್ಷಮೆ ಕೇಳಲು ಸಿದ್ಧನಾದೆ. ಅವಳು ಪಾಷಾನಿಗೆ, "ಅಂಕಲ್, ಕೊನೇಲಿ ಆ ತಾಯಿಗೆ ಮಗಳು ಸಿಗ್ತಾಳಾ? ನಾವು ಸಿನಿಮಾ ನೋಡೋದು ಬಿಟ್ಟು ನಿಮ್ಮದೇ ಕೇಳ್ತಾ ಇದೀವಿ" ಎಂದಳು.

"ಬೇರೆ ಬೇರೆ ಏನಮ್ಮಾ, ಎರಡೂ ಒಂದೇ ತಾನೆ?" ಎಂದೆ ನಾನು.

"ಅಯ್ಯೋ, ಎಲ್ಲಿ ಒಂದೇ ಅಂಕಲ್? ಅದು ಡ್ರಗ್ಸು. ಆಕೆ ಅದನ್ನ ಮಾರೋಳು, ಹೊಡೆದೋಳು ಪೊಲೀಸು. ಇದ್ರಲ್ಲಿ ತಾಯೀನೂ ಇಲ್ಲ, ರೇಷ್ಮೇನೂ ಇಲ್ಲ" ಎಂದು ನಕ್ಕಳು.

ಪಾಷಾ ತಟ್ಟನೆ ಎದ್ದು ಪಾಪ್‌ಕಾರ್ನ್ ತರುತ್ತೇನೆಂದು ಹೊರಟುಹೋದ. ಅವನಿಗೆ ಪಾಪ್‌ಕಾರ್ನ್ ಎಂದರೆ ಆಗುವುದಿಲ್ಲ. ನಾನು ಆ ಮೆತ್ತನೆ ಕುರ್ಚಿಯಲ್ಲಿ ಕೂತು ನನ್ನ ಪ್ರಾಯದ ಎಲ್ಲ ಹಿಂದಿ ಸಿನಿಮಾಗಳನ್ನೂ ಒಂದೊಂದಾಗಿ ನೆನೆಸಿಕೊಂಡೆ. ಗೂಡಿನ ಬೆಲೆಯಿಂದ ಸತ್ತ ತಂದೆಯರು, ತೂಕದ ಮೋಸ, ಚಳಿ ಎಂದ ನಾಯಕಿ. ನಮ್ಮ ಬೆಟ್ಟಕ್ಕೆ ಬಂದವರು ಕುದುರೆ ಓಡಿಸಿ ಹೋಗಿದ್ದರು, ಅಷ್ಟೇ.

ಉಳಿದರ್ಧ ನೋಡದೆ ಎದ್ದು ವಾಪಸ್ ಬರುವಾಗ ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದೆವು. ಅವನು ಚಟ್ನಿಯನ್ನೇ ನೋಡುತ್ತಿದ್ದ.

"ಹಳೇವೂ ಹಿಂಗೇನಾ?" ಎಂದೆ.

"ಪೂರ್ತಿ ಅಲ್ಲ ಕಣ್ಲಾ. ಆಗ ಅವ್ರು ಒಸಿ ಕಥೆ ಇಟ್ಟಿರೋರು, ನಾನ್ ಒಸಿ ಸೇರಿಸ್ತಿದ್ದೆ. ನಿಂಗೆ ರೇಷ್ಮೆ ಬಂದ್ರೆ ಖುಸಿ ಆಯ್ತಿತ್ತು."

"ಮತ್ತೆ ಈಗೀಗ ಯಾಕ್ ಬಿಟ್ಟುಬಿಟ್ಟಿದ್ದೆ?"

"ಗೂಡ್ನಾಗೆ ನೂಲಿದ್ರೆ ತಾನೇ ತೆಗಿಯಾದು? ಈಗ ಅವ್ರು ಖಾಲಿ ಗೂಡು ಕೊಡ್ತಾವ್ರೆ. ಪೂರ್ತಿ ನಾನೇ ಕಟ್ಬೇಕು ಅಂದ್ರೆ ಸುಸ್ತು ಕಣ್ಲಾ, ವಯಸ್ಸಾಯ್ತು."

"ಮತ್ತೆ ಇವತ್ತು?"

"ನೀನು ಮುಖ ಅಷ್ಟು ಸಣ್ಣದ್ ಮಾಡ್ಕೊಂಡ್ ಕೂತಿದ್ದೆ" ಎಂದು ಪಾಷಾ ಇಡ್ಲಿ ಮುರಿದ.

ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಇಷ್ಟು ವರ್ಷ ಕತ್ತಲೆಯಲ್ಲಿ ಪಕ್ಕದಲ್ಲಿ ಕೂತು ನನ್ನೊಬ್ಬನಿಗಾಗಿ ಸಿನಿಮಾ ತೆಗೆದವನ ಮೇಲೆ ಸಿಟ್ಟು ಮಾಡುವುದು ಹೇಗೆ? ಒಂದು ಲೋಟ ನೀರು ಕುಡಿದೆ. "ಆ ಅವ್ವಂಗೆ ಕೊನೆಗೆ ಮಗಳು ಸಿಕ್ಕಿದ್ಲಾ?" ಎಂದು ಕೇಳಿದೆ. "ಮೊದಲು ತಿನ್ನು, ಹೇಳ್ತೀನಿ" ಎಂದ. ರಾಮನಗರ ಬರುವವರೆಗೂ ಸ್ಕೂಟರಿನ ಮೇಲೆ ಗಾಳಿಯಲ್ಲಿ ಕೂಗಿ ಕೂಗಿ ಹೇಳಿದ. ಸಿಕ್ಕಿದಳಂತೆ.

ಈಗ ಶುಕ್ರವಾರದ ಹಾರ್ನ್ ಮತ್ತೆ ಕೇಳಿಸುತ್ತಿದೆ. ಮಗಳಿಗೆ ನಾನು ಹೇಳಿಟ್ಟಿದ್ದೇನೆ, ಅತಿ ಕಡಿಮೆ ಸ್ಟಾರು ಬಿದ್ದಿರುವ ಸಿನಿಮಾಕ್ಕೆ ಟಿಕೆಟ್ ತೆಗಿ ಎಂದು. ಸಿನಿಮಾ ಎಷ್ಟು ಹಾಳಾಗಿರುತ್ತದೋ ಪಾಷಾನಿಗೆ ಅಷ್ಟು ಜಾಗ ಸಿಗುತ್ತದೆ. ಆದರೆ ಮೊನ್ನೆ ಅವಳು ಎಲ್ಲೋ ತಪ್ಪು ಒತ್ತಿಬಿಟ್ಟಿದ್ದಾಳೆ. ಸಿನಿಮಾ ಶುರುವಾದ ಸ್ವಲ್ಪ ಹೊತ್ತಿಗೆ ಪಾಷಾ ಬಾಯಿ ಬಿಟ್ಟುಕೊಂಡು ಪರದೆಯನ್ನೇ ನೋಡತೊಡಗಿದ. "ಏನಂತೆ?" ಎಂದೆ. "ತಡಿಯಲಾ, ಚೆಂದಾಗೈತೆ" ಎಂದ. ಇನ್ನೊಮ್ಮೆ ಕೇಳಿದೆ, ಮೊಣಕೈಯಲ್ಲಿ ತಿವಿದ. ಮೂರು ಗಂಟೆ ನಾನು ಒಬ್ಬನೇ ಆಕಳಿಸುತ್ತಾ ಕೂತಿದ್ದೆ. ಹೊರಗೆ ಬಂದಾಗ ಅವನು ಕಣ್ಣೊರೆಸಿಕೊಳ್ಳುತ್ತಿದ್ದ, ಸುತ್ತಲಿನವರೂ ಒರೆಸಿಕೊಳ್ಳುತ್ತಿದ್ದರು. ನಾನು ಮಾತ್ರ ಮನೆಗೆ ಬಂದು ಚಪ್ಪಲಿ ಕಳಚುತ್ತಲೇ, ಈಚಿನ ಹಿಂದಿ ಸಿನಿಮಾಗಳಲ್ಲಿ ಕಥೆಯೇ ಇರುವುದಿಲ್ಲ ಎಂದು ಗಿರಿಜಳ ಮುಂದೆ ಗಟ್ಟಿಯಾಗಿ ಬೈದೆ.