ಸಾಹೇಬರ ಆಪರೇಷನ್

ಈ ಮನೆಯಲ್ಲಿ ಒಂದು ಕೆಲಸವನ್ನಾದರೂ ಮೊದಲಿನಿಂದ ಕೊನೆಯವರೆಗೆ, ಯಾರ ಹಂಗೂ ಇಲ್ಲದೆ, ಯಾರ ಸಲಹೆಯೂ ಇಲ್ಲದೆ, ನಾನೊಬ್ಬನೇ ಮಾಡಿ ಮುಗಿಸುತ್ತೇನೆ ಎಂದು ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ಘೋಷಿಸಿದೆ. ಬಾಯಿ ತುಂಬ ನೊರೆ ಇದ್ದುದರಿಂದ ಘೋಷಣೆಯ ಅರ್ಧ ಭಾಗ ಕನ್ನಡಿಗೆ ಹಾರಿತು.

"ಮೊದಲು ಕನ್ನಡಿ ಒರೆಸಿ. ಆಮೇಲೆ ಬೆಕ್ಕಿನ ಆಪರೇಷನ್ ಮಾಡಿಸೋರಂತೆ," ಎಂದಳು ಹೆಂಡತಿ.

ಹೌದು, ವಿಷಯ ಬೆಕ್ಕಿನದು. ನಮ್ಮ ಬೆಕ್ಕಿನ ಹೆಸರು ಸಾಹೇಬರು. ಮೈಯೆಲ್ಲ ಬಿಳಿ, ಮೂಗಿನ ಕೆಳಗೆ ಮಾತ್ರ ದಟ್ಟ ಕಪ್ಪು ಮಚ್ಚೆ. ಥೇಟ್ ನನ್ನ ಮೀಸೆ! ಮನೆಗೆ ಬಂದ ದಿನವೇ ಅದು ನನ್ನ ಕುರ್ಚಿ ಏರಿ, ನಾನು ಓದುತ್ತಿದ್ದ ಪೇಪರಿನ ಮೇಲೆ ಕೂತು, ನನ್ನನ್ನೇ ಯಾರು ನೀನು ಎಂಬಂತೆ ನೋಡಿತ್ತು. ಆ ಗತ್ತಿಗೆ ಏಕವಚನ ಒಗ್ಗಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಸಾಹೇಬರು ಬಂದರು, ಸಾಹೇಬರು ಉಂಡರು, ಸಾಹೇಬರು ಸೋಫಾ ಕೆರೆದರು ಎಂದೇ ರೂಢಿಯಾಯಿತು.

ಎಡವಟ್ಟು ಶುರುವಾದದ್ದೇ ಈ ಮರ್ಯಾದೆಯಿಂದ. ಬೆಕ್ಕು ಗಂಡೋ ಹೆಣ್ಣೋ ಅನ್ನುವುದಕ್ಕೆ ನಮ್ಮ ಭಾಷೆ ಮೊದಲೇ ಸುಳಿವು ಕೊಡುವುದಿಲ್ಲ. ಗಂಡಾದರೂ 'ಬಂತು', ಹೆಣ್ಣಾದರೂ 'ಬಂತು'. ಮೇಲೆ ಬಹುವಚನ ಹಾಕಿಬಿಟ್ಟರಂತೂ ಮುಗಿಯಿತು. 'ಬಂದರು' ಅಂದರೆ ಬಂದದ್ದು ಮಾವನೋ, ಅತ್ತೆಯೋ, ಬೆಕ್ಕೋ ಬ್ರಹ್ಮನಿಗೂ ತಿಳಿಯದು!

ಕೆಳಗಿನ ಮನೆಯಲ್ಲಿ ಮಾಲೀಕಮ್ಮ ಇದ್ದಾರೆ. ಅವರದೂ ಒಂದು ಬೆಕ್ಕು. ಅಪ್ಪಟ ಬಿಳಿ, ನೆಲ ಗುಡಿಸುವಷ್ಟು ಉದ್ದ ಕೂದಲು, ಹೆಸರು ಮಹಾರಾಣಿ. ಹದಿನೈದು ದಿನದ ಹಿಂದೆ ಮಾಲೀಕಮ್ಮನ ಬಟ್ಟೆ ಬೀರುವಿನ ತಳದಲ್ಲಿ, ಹಳೇ ಪರದೆಗಳ ನಡುವೆ ನಾಲ್ಕು ಮರಿಗಳು ಸಿಕ್ಕಿದವು. ಪಕ್ಕದಲ್ಲಿ ಮಹಾರಾಣಿ ಕಾಲು ಚಾಚಿ ಮಲಗಿತ್ತು. "ನನ್ನ ರಾಣಿ ಹೆತ್ತಿದ್ದಾಳೆ! ನನಗೆ ಮೊಮ್ಮಕ್ಕಳು!" ಎಂದು ಮಾಲೀಕಮ್ಮ ಬೀದಿಗೆಲ್ಲ ಸಾರಿಕೊಂಡು ಬಂದರು. ಮರಿಗಳು ಕಣ್ಣು ಬಿಟ್ಟ ಮೇಲೆ ಎತ್ತಿ ಮುಖ ನೋಡಿದರು. ನಾಲ್ಕಕ್ಕೂ ಮೂಗಿನ ಕೆಳಗೆ ಕಪ್ಪು ಮೀಸೆ!

ನಾವು ಊಟಕ್ಕೆ ಕೂತಿದ್ದಾಗಲೇ ಮೆಟ್ಟಿಲು ಹತ್ತಿ ಬಂದೇ ಬಿಟ್ಟರು. "ನಿಮ್ಮ ಸಾಹೇಬರು ಮಾಡಿದ ಘನಕಾರ್ಯ ನೋಡಿದ್ರಾ? ಏನೂ ಅರಿಯದ ನನ್ನ ರಾಣಿಯನ್ನು ಹಾಳು ಮಾಡಿದ್ದಾರೆ! ಭಾನುವಾರದೊಳಗೆ ಆಪರೇಷನ್ ಮಾಡಿಸಿ, ಡಾಕ್ಟರ ಚೀಟಿ ತಂದು ತೋರಿಸಿ. ಇಲ್ಲದಿದ್ದರೆ ಆ ಬೆಕ್ಕು ಈ ಮನೆಯಲ್ಲಿ ಇರಕೂಡದು."

ಮಗಳು ತಟ್ಟೆ ದೂಡಿ ಎದ್ದುಹೋದಳು. ಹತ್ತು ವರ್ಷದ ಹುಡುಗಿ ಬೆಕ್ಕನ್ನು ಅಪ್ಪಿಕೊಂಡು ಗೋಡೆಗೆ ಮುಖ ಮಾಡಿ ಕೂತಳು. ಸುಳ್ಳೇಕೆ, ಸಾಹೇಬರು ಕೂತು ಬೆಚ್ಚಗೆ ಮಾಡದ ಪೇಪರು ನನಗೂ ಓದಲು ಸೇರುವುದಿಲ್ಲ. ಆಪರೇಷನ್ ಆಗಲೇಬೇಕಿತ್ತು, ಬೆಕ್ಕು ಉಳಿಯಲೇಬೇಕಿತ್ತು.

"ಆಪರೇಷನ್ ಮಾಡಿಸುವುದಕ್ಕೆ ಮೊದಲು ಒಂದು ಮಾತು..." ಎಂದು ಹೆಂಡತಿ ಹೊಲಿಗೆ ಮೆಷಿನ್ ನಿಲ್ಲಿಸಿ ಏನೋ ಹೇಳಲು ಹೊರಟಳು. ಅವಳು ಮನೆಯಲ್ಲೇ ಕೂತು ಊರವರ ಬಟ್ಟೆ ಹೊಲಿಯುವವಳು. ಎಲ್ಲರ ಅಳತೆಯೂ ಅವಳಿಗೆ ಗೊತ್ತು, ನನ್ನದಂತೂ ಚೆನ್ನಾಗಿ ಗೊತ್ತು.

"ಯಾರ ಸಲಹೆಯೂ ಬೇಡ!" ಎಂದೆ.

"ಸರಿ," ಎಂದು ಮೆಷಿನ್ ತುಳಿದಳು.

ಡಾಕ್ಟರಮ್ಮ ಶುಕ್ರವಾರ ಬೆಳಿಗ್ಗೆ ಬನ್ನಿ ಎಂದಿದ್ದರು. ರಜೆ ಬೇಕಲ್ಲ! ನಾನು ನೀರು ಸರಬರಾಜು ಕಚೇರಿಯ ಮೀಟರ್ ದೂರು ವಿಭಾಗದಲ್ಲಿ ಗುಮಾಸ್ತ. ಬೆಕ್ಕಿಗೋಸ್ಕರ ರಜೆ ಎಂದು ಬರೆದರೆ ನಮ್ಮ ಹೆಡ್ ಕ್ಲರ್ಕು ಅರ್ಜಿಯನ್ನು ಗೋಡೆಗೆ ಅಂಟಿಸಿ ಎಲ್ಲರಿಗೂ ಓದಿಸುವ ಆಸಾಮಿ. ಆದ್ದರಿಂದ 'ಮನೆಯ ಸದಸ್ಯರೊಬ್ಬರ ಸಂತಾನಹರಣ ಶಸ್ತ್ರಚಿಕಿತ್ಸೆಯ ನಿಮಿತ್ತ' ಎಂದು ಗಂಭೀರವಾಗಿ ಬರೆದುಕೊಟ್ಟೆ.

ಹೆಡ್ ಕ್ಲರ್ಕು ಕನ್ನಡಕ ಮೇಲೇರಿಸಿದರು. "ಮನೆಯವರಿಗಾ?"

"ಛೆ ಛೆ! ಅವಳಿಗಲ್ಲ ಸಾರ್. ಗಂಡಿಗೆ."

"ಗಂಡನಿಗೆ?"

'ಗಂಡಿಗೆ' ಎಂದು ತಿದ್ದಬೇಕಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಅವರು ಕುರ್ಚಿ ಬಿಟ್ಟು ಎದ್ದು ನನ್ನ ಎರಡೂ ಕೈ ಹಿಡಿದುಬಿಟ್ಟರು. "ಭೇಷ್! ಎಲ್ಲರೂ ಇದನ್ನು ಹೆಂಗಸರ ತಲೆಗೆ ಕಟ್ಟಿ ಕೈ ತೊಳ್ಕೊಳ್ತಾರೆ. ನೀವೊಬ್ರು ಗಂಡಸು ಕಣ್ರೀ!"

ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಆ ಮನುಷ್ಯನ ಬಾಯಲ್ಲಿ ನಾನು ಕೇಳಿದ ಮೊದಲ ಹೊಗಳಿಕೆ ಅದು. ಅದನ್ನು ತಿದ್ದಲು ಯಾವ ನರಮನುಷ್ಯನಿಗೆ ಮನಸ್ಸು ಬಂದೀತು? ನನಗೆ ಬರಲಿಲ್ಲ. ತಲೆ ತಗ್ಗಿಸಿ ವಿನಯದಿಂದ ನಕ್ಕೆ. ಸಂಜೆಯವರೆಗೆ ಇಡೀ ವಿಭಾಗ ನನ್ನ ಬೆನ್ನು ತಟ್ಟಿತು. ಟೈಪಿಸ್ಟ್ ಮೇಡಂ ಅಂತೂ, "ನಮ್ಮ ಯಜಮಾನರಿಗೆ ನೀವೇ ಸ್ವಲ್ಪ ಬುದ್ಧಿ ಹೇಳಿ ಸಾರ್" ಎಂದರು. ಹೇಳುತ್ತೇನೆ ಎಂದು ಭರವಸೆಯನ್ನೂ ಕೊಟ್ಟೆ!

ಶುಕ್ರವಾರ ಬಂತು. ಆಪರೇಷನ್ನಿಗೆ ಖಾಲಿ ಹೊಟ್ಟೆಯಲ್ಲಿ ತರಬೇಕೆಂದು ಹೇಳಿದ್ದರಿಂದ ಬೆಳಗಿನ ಹಾಲು ಕೊಟ್ಟಿರಲಿಲ್ಲ. ಸಾಹೇಬರು ಖಾಲಿ ಬಟ್ಟಲಿನ ಮುಂದೆ ಕೂತು ಇಡೀ ವಠಾರಕ್ಕೆ ಕೇಳುವಂತೆ ನನ್ನ ವಂಶವನ್ನು ಶಪಿಸಿದರು. ಅವರನ್ನು ಬಟ್ಟೆ ಒಗೆಯುವ ಬುಟ್ಟಿಗೆ ಹಾಕಬೇಕು. ತಲೆ ಹಾಕಿದರೆ ಬಾಲ ಹೊರಗೆ, ಬಾಲ ಹಾಕಿದರೆ ಉಗುರು ನನ್ನ ಮೊಣಕೈಯಲ್ಲಿ. ಮೂರನೇ ಸುತ್ತಿನಲ್ಲಿ ನಾನು ಬುಟ್ಟಿಯ ಒಳಗೆ, ಅವರು ನನ್ನ ತಲೆಯ ಮೇಲೆ! ಕೊನೆಗೆ ಹೆಂಡತಿ ಬಂದು ಒಂದು ಟವೆಲ್ ಹೊದಿಸಿ ಎತ್ತಿ ಒಳಗಿಟ್ಟು, ಮುಚ್ಚಳಕ್ಕೆ ಇಲಾಸ್ಟಿಕ್ ಬಿಗಿದಳು.

"ಇದು ಸಲಹೆ ಅಲ್ಲ, ಸಹಾಯ," ಎಂದಳು.

ಮಗಳು ಶಾಲೆಗೆ ಚಕ್ಕರ್ ಹೊಡೆದು ಜೊತೆಗೆ ಬಂದಳು, ಬುಟ್ಟಿ ಹಿಡಿದುಕೊಂಡು ಹೆಂಡತಿಯೂ ಬಂದಳು. ಆಸ್ಪತ್ರೆಯಲ್ಲಿ ಒಂದು ಫಾರಂ ಕೊಟ್ಟರು. ರೋಗಿಯ ಹೆಸರು: ಸಾಹೇಬರು. ವಯಸ್ಸು: ಎರಡು. ಲಿಂಗ: ಗಂಡು. ಅನುಮಾನಕ್ಕೆ ಎಡೆ ಇರಬಾರದೆಂದು ಕೆಳಗೆ ಎರಡು ಗೆರೆ ಎಳೆದೆ.

ಡಾಕ್ಟರಮ್ಮ ಸಾಹೇಬರನ್ನು ಮೇಜಿನ ಮೇಲೆ ಮಲಗಿಸಿ ತಿರುಗಿಸಿದರು. ಫಾರಂ ನೋಡಿದರು. ಮತ್ತೆ ಬೆಕ್ಕು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಗಂಡು ಅಂತ ಯಾರು ಹೇಳಿದ್ದು?"

"ಹೇಳೋದೇನು ಡಾಕ್ಟರೇ, ಮೀಸೆ ಕಾಣ್ತಾ ಇದೆಯಲ್ಲ!"

"ಮೀಸೆ ನೋಡಿ ಆಪರೇಷನ್ ಮಾಡೋಕ್ಕಾಗಲ್ಲ. ಇದು ಹೆಣ್ಣು. ಅಷ್ಟೇ ಅಲ್ಲ, ಮರಿ ಹಾಕಿ ಎರಡು ವಾರ ಆಗಿರಬೇಕು. ನೋಡಿ, ಹಾಲು ತುಂಬಿದೆ. ಮರಿಗಳೆಲ್ಲಿ?"

ತಲೆ ಗಿರ್ರೆಂದಿತು. ಮರಿಗಳು ಮಹಾರಾಣಿಯವು. ಮಹಾರಾಣಿಯ ಮರಿಗಳಿಗೆ ಸಾಹೇಬರು ಅಪ್ಪ. ಸಾಹೇಬರು ಹೆಣ್ಣು. ಹಾಗಾದರೆ ಅಪ್ಪನೇ ಅಮ್ಮ? ಅಮ್ಮನಾಗಿದ್ದವಳು ಯಾರು? ಚಿಕ್ಕಮ್ಮನೇ? ಬೆರಳು ಮಡಚಿ ಮೂರು ಸಲ ಲೆಕ್ಕ ಹಾಕಿದೆ. ಪ್ರತಿ ಸಲವೂ ಒಂದು ಬೆಕ್ಕು ಹೆಚ್ಚಾಗುತ್ತಿತ್ತು!

"ಕೆಳಗಿನ ಮನೆ ಬೀರುವಿನಲ್ಲಿ," ಎಂದು ಹೆಂಡತಿ ತಣ್ಣಗೆ ಉತ್ತರ ಕೊಟ್ಟಳು. "ದಿನಕ್ಕೆ ಆರು ಸಲ ಕಿಟಕಿ ಹಾರಿ ಅಲ್ಲಿಗೇ ಹೋಗ್ತಾರೆ."

"ನಿನಗೆ ಗೊತ್ತಿತ್ತಾ?"

"ಅನುಮಾನ ಇತ್ತು. ಸಾಹೇಬರ ಸೊಂಟದ ಸುತ್ತಳತೆ ಹೆಚ್ಚಿ, ಒಂದೇ ದಿನದಲ್ಲಿ ಇಳಿದುಹೋಗಿತ್ತಲ್ಲ."

"ಮತ್ತೆ ಯಾಕೆ ಹೇಳಲಿಲ್ಲ?"

"ಯಾರ ಸಲಹೆಯೂ ಬೇಡ ಅಂತ ಅಂದೋರು ಯಾರು?"

ಡಾಕ್ಟರಮ್ಮ ಚೀಟಿ ಬರೆದುಕೊಟ್ಟರು. ಮರಿಗಳು ಹಾಲು ಬಿಡುವವರೆಗೆ ಆಪರೇಷನ್ ಬೇಡ, ಆಮೇಲೆ ಮರೆಯದೆ ಕರೆತನ್ನಿ, ಈಗ ಮೊದಲು ಈ ತಾಯಿಗೆ ಹೊಟ್ಟೆ ತುಂಬ ಕೊಡಿ ಎಂದರು. ಮಗಳ ಮುಖ ಅರಳಿತು. ನನ್ನದು ಬಾಡಿತು. ಮಾಲೀಕಮ್ಮ ಕೇಳಿದ್ದು ಆಪರೇಷನ್ ಆದ ಚೀಟಿ. ನನ್ನ ಕೈಯಲ್ಲಿದ್ದದ್ದು ಆಗದ ಚೀಟಿ! ಬೆಕ್ಕಿನ ಗತಿ ಏನು?

ಮನೆ ಮುಟ್ಟುವಷ್ಟರಲ್ಲಿ ಮಗಳು ಓಡಿಹೋಗಿ ಮಾಲೀಕಮ್ಮನಿಗೆ ಎಲ್ಲ ವರದಿ ಒಪ್ಪಿಸಿಯಾಗಿತ್ತು. ಅವರು ನಂಬದೆ ಬಾಗಿಲಲ್ಲೇ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ನಾನು ಚೀಟಿ ಚಾಚಿದ್ದೇ ತಡ, ಒಳಗಿನಿಂದ ಮರಿಗಳ ಕೀಚು ದನಿ ಕೇಳಿತು. ಬುಟ್ಟಿಯ ಇಲಾಸ್ಟಿಕ್ ಚಟೀರೆಂದಿತು. ಸಾಹೇಬರು ಮಾಲೀಕಮ್ಮನ ಕಾಲ ಸಂದಿಯಲ್ಲೇ ನುಗ್ಗಿ ನೇರ ಬೀರುವಿನೊಳಗೆ ಹೋಗಿ ಮಲಗಿದರು. ನಾಲ್ಕು ಮರಿಗಳೂ ಬಂದು ಹೊಟ್ಟೆಗೆ ಅಂಟಿಕೊಂಡವು.

ಹೆಂಡತಿ ಕಿಟಕಿಯ ಮೇಲಿದ್ದ ಮಹಾರಾಣಿಯನ್ನು ಎತ್ತಿ, ಕೂದಲು ಸರಿಸಿ, ಬಟ್ಟೆಯ ಹೊಲಿಗೆ ನೋಡುವ ಹಾಗೆ ತಿರುಗಿಸಿ ನೋಡಿದಳು.

"ಅಮ್ಮಾ, ನಿಮ್ಮ ರಾಣಿ ರಾಜ."

ಮಾಲೀಕಮ್ಮ ಮಂಚದ ಮೇಲೆ ಕುಸಿದು ಕೂತರು. ಒಂದು ನಿಮಿಷ ಬೀರುವಿನ ಕಡೆಯೇ ನೋಡಿದರು. "ಹಾಲು ಕುಡಿಸೋ ತಾಯಿಯನ್ನ ಯಾರಾದರೂ ಮನೆ ಬಿಡಿಸ್ತಾರಾ?" ಎಂದಾಗ ಅವರ ದನಿ ಇಳಿದಿತ್ತು. "ಇರಲಿ, ಇಲ್ಲೇ ಇರಲಿ." ಮಗಳು ಹಾರಿ ಅವರ ಕುತ್ತಿಗೆಗೆ ಜೋತುಬಿದ್ದಳು. ನನಗೂ ಕಣ್ಣು ಒದ್ದೆಯಾಯಿತು. ಆದರೆ ಮಾಲೀಕಮ್ಮ ಅಷ್ಟಕ್ಕೇ ಬಿಡುವವರೇ? "ಹೇಗೂ ನಿಮಗೆ ಅಭ್ಯಾಸ ಆಯ್ತಲ್ಲ, ಮಂಗಳವಾರ ನನ್ನ ರಾಣೀನ... ಅಯ್ಯೋ, ರಾಜನ್ನ... ಅದನ್ನ ನೀವೇ ಆಪರೇಷನ್ನಿಗೆ ಕರ್ಕೊಂಡು ಹೋಗಿ," ಎಂದರು. ಹೂಂ ಎಂದೆ. ಬೇರೆ ಏನು ತಾನೇ ಅನ್ನಲಿ?

ಒಂದು ಮರಿ ಹೊರಳಿ ಬೀರುವಿನೊಳಗೆ ಹಿಂಬದಿಯ ಪರದೆಗಳ ಸಂದಿಗೆ ಬಿದ್ದಿತ್ತು. ನಾನು ಮೊಣಕಾಲೂರಿ, ಬೀರುವಿನೊಳಗೆ ಸೊಂಟದವರೆಗೆ ತೂರಿ, ಕೈ ಚಾಚಿ ತಡಕುತ್ತಿದ್ದೆ. ಹೆಂಡತಿ, ಮಗಳು ಸಾಹೇಬರಿಗೆ ಹಾಲು ತರಲು ಮೇಲೆ ಹೋಗಿದ್ದರು. ಆಗ ಕರೆಗಂಟೆ ಬಡಿಯಿತು. ಮಾಲೀಕಮ್ಮ ಎದ್ದುಹೋದರು. ಬಾಗಿಲಲ್ಲಿ ಕೇಳಿದ್ದು ನಮ್ಮ ಹೆಡ್ ಕ್ಲರ್ಕಿನ ದನಿ! ಊಟದ ಬಿಡುವಿನಲ್ಲಿ ವಿಭಾಗದ ನಾಲ್ಕು ಜನರನ್ನು ಕಟ್ಟಿಕೊಂಡು ರೋಗಿಯನ್ನು ನೋಡಲು ಬಂದಿದ್ದರು.

"ಮೇಲಿನ ಮನೆ ಸಾಹೇಬರಿಗೆ ಇವತ್ತು ಆಪರೇಷನ್ ಅಲ್ವಾ ಅಮ್ಮಾ? ಹೇಗಿದ್ದಾರೆ?"

"ಅಯ್ಯೋ, ಆಪರೇಷನ್ ಎಲ್ಲಿ ಆಯ್ತು! ಡಾಕ್ಟರಮ್ಮ ಮಲಗಿಸಿ ನೋಡಿ, ಸಾಹೇಬರು ಗಂಡೇ ಅಲ್ಲ ಅಂದುಬಿಟ್ರಂತೆ."

ಬಾಗಿಲಲ್ಲಿ ಏನೋ ಚೀಲ ಧೊಪ್ಪೆಂದು ಬಿದ್ದ ಸದ್ದು.

"ಗಂಡೇ... ಅಲ್ವಾ?"

"ಅಲ್ವಂತೆ. ಆ ಮೀಸೆ ನೋಡಿ ನಾವೆಲ್ಲ ಮೋಸ ಹೋದ್ವಿ."

"ಅವರ ಮನೆಯವರಿಗೂ ಗೊತ್ತಿರಲಿಲ್ವಾ?"

"ಅನುಮಾನ ಇತ್ತಂತೆ. ಪಾಪ, ಬಾಯಿ ಬಿಟ್ಟಿರಲಿಲ್ಲ."

"ಈಗ... ಸಾಹೇಬರು ಎಲ್ಲಿದ್ದಾರೆ?"

"ನನ್ನ ಬೀರುವಿನಲ್ಲಿ ಮಲಗಿದ್ದಾರೆ. ನಾಲ್ಕು ಮಕ್ಕಳಿಗೆ ಹಾಲು ಕುಡಿಸ್ತಾ ಇದ್ದಾರೆ. ಬನ್ನಿ, ನೋಡ್ತೀರಂತೆ!"

"ಅಲ್ಲ ಸಾರ್! ಬೆಕ್ಕು! ಬೆಕ್ಕು!" ಎಂದು ಬೀರುವಿನೊಳಗಿಂದ ಕೂಗಿದೆ. ಹಳೇ ಪರದೆಗಳು ಬಾಯಿಗೆ ಅಡ್ಡ ಬಂದು ಹೊರಗೆ ಕೇಳಿದ್ದು ಬರೀ ನರಳಾಟ. ಹಿಂದಕ್ಕೆ ಜಾರಿ ಎದ್ದು ಓಡಿಬರುವಷ್ಟರಲ್ಲಿ ಬಾಗಿಲು ಖಾಲಿ. ಹೊಸ್ತಿಲ ಮೇಲೆ ಒಂದು ಚೀಲ ಸೇಬು, ಬೀದಿಯ ತಿರುವಿನಲ್ಲಿ ಟೈಪಿಸ್ಟ್ ಮೇಡಂ ಅವರ ಕೊಡೆ ಮಾತ್ರ ಕಂಡವು.

ಸೋಮವಾರ ಕಚೇರಿಗೆ ಹೋದೆ. ಯಾರೂ ಮುಖ ಕೊಟ್ಟು ಮಾತಾಡಲಿಲ್ಲ. ಯಾರೋ ನನ್ನ ಕುರ್ಚಿಗೆ ಮೆತ್ತನೆಯ ದಿಂಬು ಹಾಕಿದ್ದರು. ಇನ್ನು ಸುಳ್ಳಿನ ಸಹವಾಸವೇ ಬೇಡ ಎಂದು ಮಂಗಳವಾರದ ರಜೆಗೆ ಇದ್ದದ್ದು ಇದ್ದಂತೆ ಬರೆದೆ: 'ಬೆಕ್ಕಿನ ಆಪರೇಷನ್ ಇರುವುದರಿಂದ ಒಂದು ದಿನ ರಜೆ ಕೋರಿ.' ಹೋದ ವಾರದ್ದೂ ಬೆಕ್ಕಿನದೇ ಎಂದು ಸಾಕ್ಷಿಗೆ ಡಾಕ್ಟರಮ್ಮನ ಚೀಟಿಯನ್ನೂ ಲಗತ್ತಿಸಿದೆ. ರೋಗಿಯ ಹೆಸರು ಸಾಹೇಬರು, ಹೆಣ್ಣು, ನಾಲ್ಕು ಮರಿ ಎಂದು ಅವರೇ ದುಂಡಗೆ ಬರೆದಿದ್ದರು.

ಹೆಡ್ ಕ್ಲರ್ಕು ಅರ್ಜಿ ಓದಿದರು. ಚೀಟಿ ಓದಿದರು. ನನ್ನ ಮೀಸೆಯನ್ನು ತುಂಬ ಹೊತ್ತು ನೋಡಿದರು. ಎದ್ದು ಬಾಗಿಲು ಮುಂದೆ ಮಾಡಿ, ಅರ್ಜಿಯಲ್ಲಿದ್ದ 'ಬೆಕ್ಕಿನ' ಎಂಬ ಮಾತನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಸ್ವಂತ ತಂಗಿಗೆ ಹೇಳುವಷ್ಟು ಅಕ್ಕರೆಯಿಂದ ಪಿಸುಗುಟ್ಟಿದರು.

"ನಮ್ಮ ಹತ್ರ ಎಂಥ ಸಂಕೋಚ? ಒಂದು ದಿನ ಎಲ್ಲಿಗೆ ಸಾಕಾಗುತ್ತೆ, ಹೆರಿಗೆ ರಜೆ ಅಂತಲೇ ಬರ್ಕೊಡಿ!"