ಹೂಂರಾಯನ ಊಹೂಂ

ನಲ್ಲಿ ತಯಾರಿಸುವ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಅವನಿಗೆ ಹೂಂರಾಯ ಎಂದೇ ಹೆಸರು. ಯಾರು ಏನು ಕೇಳಿದರೂ ಹೂಂ ಅನ್ನುವುದು, ಯಾವ ಕಾಗದ ಚಾಚಿದರೂ ಸಹಿ ಹಾಕುವುದು ಅವನ ಹುಟ್ಟುಗುಣ. ಹೀಗೆ ಹತ್ತು ವರ್ಷದಿಂದ ಅವನ ಸಂಬಳದ ಒಂದು ಪಾಲು ಯೂನಿಯನ್ನಿನ ಮೂಲಕ ಒಂದು ರಾಜಕೀಯ ಪಾರ್ಟಿಯ ನಿಧಿಗೆ ಹೋಗುತ್ತಿತ್ತು. ಆ ಪಾರ್ಟಿಯ ಗುರುತು ಯಾವುದೆಂಬುದೂ ಪುಣ್ಯಾತ್ಮನಿಗೆ ನೆಟ್ಟಗೆ ಗೊತ್ತಿರಲಿಲ್ಲ.

ಈಗ ಹೊಸ ಕಾನೂನು ಬಂದಿತ್ತು. ನೌಕರ ಬರೆದುಕೊಟ್ಟು ಒಪ್ಪದಿದ್ದರೆ ರಾಜಕೀಯಕ್ಕೆಂದು ಸಂಬಳದಲ್ಲಿ ಚಿಕ್ಕಾಸೂ ಮುರಿದುಕೊಳ್ಳುವಂತಿಲ್ಲ. ಸುದ್ದಿ ಓದಿದ ಹೆಂಡತಿ ಕುಣಿದಾಡಿಬಿಟ್ಟಳು. ಅಷ್ಟು ದುಡ್ಡು ಉಳಿದರೆ ಡ್ರೈವಿಂಗ್ ಸ್ಕೂಲಿನ ತಿಂಗಳ ಕಂತಿಗೆ ಸರಿಹೋಗುತ್ತಿತ್ತು. ನಾಳೆಯಿಂದಲೇ ಬರುತ್ತೇನೆಂದು ಅಲ್ಲಿ ಹೇಳಿಯೂ ಬಂದಿದ್ದಳು.

"ಇವತ್ತು ಯೂನಿಯನ್ನವರು ಒಪ್ಪಿಗೆ ಫಾರಂ ತರ್ತಾರೆ. ಸಹಿ ಹಾಕ್ಬೇಡಿ, ಅಷ್ಟೇ. ಬಾಯಿಗೆ ಬರದಿದ್ರೆ ತಲೆ ಅಲ್ಲಾಡಿಸಿ," ಎಂದು ಬಾಗಿಲಲ್ಲಿ ನಿಂತು ಪಾಠ ಹೇಳಿದಳು.

"ಹೂಂ," ಎಂದ ಹೂಂರಾಯ.

ಹತ್ತು ಗಂಟೆಗೆ ಯೂನಿಯನ್ ಕಾರ್ಯದರ್ಶಿ ಬಂದ. ಫಾರಂ ಎದುರಿಗಿಟ್ಟು, ಪೆನ್ನಿನ ಮುಚ್ಚಳವನ್ನೂ ತಾನೇ ತೆಗೆದು, ಹೂಂರಾಯನ ಬೆರಳಿಗೆ ಸಿಕ್ಕಿಸಿದ. "ಮಿಕ್ಕವರದ್ದು ಆಮೇಲೆ ಅಣ್ಣ. ನಿಮ್ಮದೇ ಬೋಣಿ."

ಕೈ ತಾನಾಗಿಯೇ ಕಾಗದದತ್ತ ಹೊರಟಿತು. ಹೂಂರಾಯ ಎಡಗೈಯಿಂದ ಅದನ್ನು ಹಿಡಿದು ನಿಲ್ಲಿಸಿ, ಕಣ್ಣು ಮುಚ್ಚಿ ಹೆಂಡತಿಯನ್ನು ನೆನೆದು, "ಊಹೂಂ," ಎಂದ.

ಕಾರ್ಯದರ್ಶಿ ಅವನ ಹಣೆ ಮುಟ್ಟಿ ನೋಡಿದ. ಸೂಪರ್‌ವೈಸರ್ ಗಾಬರಿಯಾಗಿ ಕಾರ್ಖಾನೆಯ ನರ್ಸಮ್ಮನ ಹತ್ತಿರ ಕಳಿಸಿದ. ಆಕೆ ಥರ್ಮಾಮೀಟರ್ ಬಾಯಿಗಿಟ್ಟು, "ಮನೇಲಿ ಏನಾದ್ರೂ ಜಗಳ ಆಯ್ತಾ?" ಎಂದು ಕೇಳಿದರು. ಬಾಯಿ ತೆರೆಯುವಂತಿಲ್ಲದ್ದರಿಂದ ಹೂಂರಾಯ ಮತ್ತೊಮ್ಮೆ "ಊಹೂಂ" ಎನ್ನಬೇಕಾಯಿತು. ಒಂದೇ ದಿನ ಎರಡು ಸಲ ಅಂದನಂತೆ ಎಂಬ ಸುದ್ದಿ ಅವನಿಗಿಂತ ಮೊದಲೇ ಕ್ಯಾಂಟೀನು ಮುಟ್ಟಿತು.

ಅವನೇ ಊಹೂಂ ಅಂದಮೇಲೆ ನಮಗೇನು ರೋಗ ಎಂದು ಊಟದ ಹೊತ್ತಿಗೆ ಇನ್ನೂ ಮೂವತ್ತು ಜನ ಖಾಲಿ ಫಾರಂ ಹಿಂದಿರುಗಿಸಿದ್ದರು. ಬಡಿಸುವವನು ಹೂಂರಾಯನ ತಟ್ಟೆಗೆ ಒಂದು ಸೌಟು ಹೆಚ್ಚಿಗೆ ಹಾಕಿದ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ತನ್ನ ಮೇಲೆ ತನಗೇ ಪ್ರೀತಿ ಉಕ್ಕಿತು.

ಆಗ ಸ್ಟೋರ್‌ಕೀಪರ್ ಬೆಂಚು ಹತ್ತಿದ. "ಅಣ್ಣನ ಊಹೂಂ ವ್ಯರ್ಥ ಆಗಬಾರದು. ಇವತ್ತೇ ಒಂದು ಸಂಘ ಕಟ್ಟೋಣ. ಮುಂದಿನ ಚುನಾವಣೇಲಿ ನಮ್ಮ ಪರ ಮಾತಾಡೋರನ್ನ ಗೆಲ್ಲಿಸೋಣ. ಅಣ್ಣನೇ ಅಧ್ಯಕ್ಷರು."

ಜನ ಹೂಂರಾಯನನ್ನು ಹೆಗಲ ಮೇಲೆ ಎತ್ತಿಕೊಂಡರು. ಫ್ಯಾನಿಗೆ ತಲೆ ತಗಲೀತೆಂದು ಬಗ್ಗಿ ಕೂತಿದ್ದವನಿಗೆ ಕೆಳಗಿನಿಂದ ಸ್ಟೋರ್‌ಕೀಪರ್ ಕಾಗದ, ಪೆನ್ನು ಚಾಚಿದ.

"ಅಧ್ಯಕ್ಷರೇ, ಇಲ್ಲೊಂದು ಸಹಿ."

"ಹೂಂ," ಎಂದ ಹೂಂರಾಯ.

ಸಂಜೆ ಅವನು ಸೀಟಿ ಹಾಕುತ್ತಲೇ ಮನೆಗೆ ಬಂದ.

"ಹಾಕಿಲ್ಲ ತಾನೇ?" ಎಂದಳು ಹೆಂಡತಿ.

"ಹಾಕಿಲ್ಲ ಕಣೇ. ಆ ಕಾರ್ಯದರ್ಶಿ ಮುಖ ನೀನು ನೋಡ್ಬೇಕಿತ್ತು."

ಅವಳು ಮೆಚ್ಚಿ ಬೆನ್ನು ತಟ್ಟಲು ಹೋದಾಗ ಅಂಗಿಯ ಜೇಬಿನಲ್ಲಿ ಸಂಘದವರು ಕೊಟ್ಟ ಕಾಗದದ ನಕಲು ಕಂಡಿತು. ಬಿಡಿಸಿ ಗಟ್ಟಿಯಾಗಿ ಓದಿದಳು: "ಸಂಬಳ ಕಡಿತ ವಿರೋಧಿ ಸಂಘದ ಚುನಾವಣಾ ನಿಧಿಗೆ ಪ್ರತಿ ತಿಂಗಳೂ ನನ್ನ ಸಂಬಳದಿಂದ ಮುರಿದುಕೊಳ್ಳಲು ನನ್ನ ಪೂರ್ಣ ಒಪ್ಪಿಗೆಯಿದೆ. ಅಧ್ಯಕ್ಷರದು ಎರಡು ಪಾಲು."

ಹೂಂರಾಯ ಬೈಗುಳಕ್ಕೆ ತಲೆಯೊಡ್ಡಿ ನಿಂತ. ಅವಳು ಮಾತ್ರ ಬೈಯಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಆಮೇಲೆ ಒಳಗೆ ಹೋಗಿ ಒಂದು ಹಾಳೆಯಲ್ಲಿ ಏನೋ ಗೀಚಿ ತಂದಳು.

"ಇಲ್ಲೊಂದು ಸಹಿ ಹಾಕಿ."

ತಪ್ಪಿತಸ್ಥ ತಕ್ಷಣ ಹಾಕಿದ. ಹಾಕಿದ ಮೇಲೆ, "ಏನಿದು?" ಎಂದು ಕೇಳಿದ.

"ನೀವೇ ಓದಿ."

ನಾಳೆಯಿಂದ ಅವನ ಚಹಾ, ತಿಂಡಿ, ಸಿಗರೇಟಿನ ಕಾಸೆಲ್ಲ ಹೆಂಡತಿಯ ಡ್ರೈವಿಂಗ್ ಕ್ಲಾಸಿಗೆ ಎಂದಿತ್ತು ಮೊದಲ ಸಾಲು. ಎರಡನೆಯದರಲ್ಲಿ, "ಇನ್ನು ಮೇಲೆ ಓದಿ ನೋಡದೆ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ" ಎಂದಿತ್ತು. ಅದರ ಕೆಳಗೆ ಅವನ ಸಹಿ, ಶಾಯಿ ಇನ್ನೂ ಆರಿರಲಿಲ್ಲ.